ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಅದರಲ್ಲಿ ಮುಂಗಡದ ಲೆಕ್ಕವೂ ಬೇಕು ಅಂದರು. ಬಿತ್ತನೆ ಹೊತ್ತಿಗೆ ಹಣ ತಗೊಂಡ ರೈತರು ಮೆಕ್ಕೆಜೋಳ ತಂದಾಗ ತೀರಿಸುತ್ತಾರೆ. ಮಾರಿದ ಮಾಲಿಗೆ ಅಂಗಡಿ ಬರೆದುಕೊಡುವ ಬಿಲ್ಲಿಗೆ 'ಪಟ್ಟಿ' ಅಂತಾರೆ. ಇದೇನು ಮಹಾ ಅಂತ ಆಫೀಸಿನಲ್ಲೇ ಕೂತು ಬರೆದೆ: 'ಮುಂಗಡ ಬಾಕಿ ಇದ್ದರೆ ಪಟ್ಟಿಯ ಮೊತ್ತದಿಂದ ತಾನಾಗಿಯೇ ಕಳೆಯಬೇಕು.' ಎರಡು ದಿನದ ಕೆಲಸ ಅಂತ ಅಂದಾಜೂ ಕೊಟ್ಟೆ.

ಸುಮ್ನೆ ಒಂದು ಮಾತಿಗೆ ಅಂತ ಗುಮಾಸ್ತರಿಗೆ ತೋರಿಸಲು ಹೋದೆ. ಅಂಗಡಿ ಮುಂದೆಲ್ಲ ಜೋಳ ಹರವಿತ್ತು. ಅವರು ಓದಿ, ಹಾಳೆ ಮಡಚಿ ಕೊಟ್ಟರು. "ಇಲ್ಲೇ ಕೂತ್ಕೊಳಪ್ಪ, ಮಧ್ಯಾಹ್ನದ ತನಕ."

ಮೊದಲು ಬಂದವರ ಬಾಕಿ 40,000. ಪಟ್ಟಿಯ ಮೊತ್ತ ಅದಕ್ಕಿಂತ ಜಾಸ್ತಿಯೇ ಇತ್ತು. "ಸಾವ್ಕಾರ್ರೆ, ಈ ಸಲ ಹತ್ತು ಸಾವಿರ ಮುರ್ಕೊಳ್ರಿ. ಬೋರ್ ಕೊರೆಸ್ಬೇಕು" ಅಂದರು. ಸಾಹುಕಾರರು ತಲೆಯಾಡಿಸಿದರು. ಮುಗಿಯಿತು.

ಆಮೇಲೆ ಬಂದ ಹುಡುಗನ ಹೆಸರಲ್ಲಿ ಬಾಕಿಯೇ ಇಲ್ಲ. ಸಾಲ ಅವರಪ್ಪನ ಖಾತೆಯಲ್ಲಿತ್ತು. ಅಣ್ಣತಮ್ಮಂದಿರು ಭಾಗ ಆಗಿದ್ದಾರೆ, ಅರ್ಧ ಇವನದು, ಇನ್ನರ್ಧ ಅಣ್ಣನದು. ಅಣ್ಣ ಇನ್ನೂ ಒಪ್ಪಿಲ್ಲ. ಗುಮಾಸ್ತರು ಖಾತೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಏನೋ ಗೀಚಿದರು. ಯಾಕೆ ಪೆನ್ಸಿಲ್ ಅಂದೆ.

"ಪಕ್ಕಾ ಆಗಿಲ್ಲಲ್ಲ!"

ಪುಟ ತಿರುವಿದೆ. ಎಷ್ಟೊಂದು ಪೆನ್ಸಿಲ್!

ಕಾಲೇಜಿನಲ್ಲಿ ಐಇಇಇ 830 ಅಂತ ಓದಿದ್ದೆ, ಎಂಜಿನಿಯರುಗಳ ಸಂಸ್ಥೆಯ 1998ರ ಮಾನದಂಡ, ಈಗ ಹಳತು. ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಬರೆದಿಡುವ ರಿಕ್ವೈರ್‌ಮೆಂಟ್‌ಗಳಿಗೆ ಎಂಟು ಗುಣ ಹೇಳುತ್ತಿತ್ತು. ಎರಡರ್ಥ ಬರಬಾರದು, ಪರೀಕ್ಷಿಸಿ ನೋಡಲು ಬರಬೇಕು, ಹೀಗೆ. ನನ್ನ ಸಾಲು ಇವೆರಡರಲ್ಲೂ ಪಾಸು. ಆದರೆ ಆ ಎಂಟರಲ್ಲಿ ಮೊದಲ ಗುಣವೇ 'ಸರಿಯಾಗಿರಬೇಕು' ಅನ್ನೋದು. ಅಲ್ಲೇ ಫೇಲು.

ಮಂಡಕ್ಕಿ ಮಿರ್ಚಿ ತಿಂದು ಅಲ್ಲೇ ಹೊಸದಾಗಿ ಬರೆದೆ. 'ತಾನಾಗಿಯೇ' ಹೊಡೆದುಹಾಕಿದೆ. ಬಾಕಿ ತೋರಿಸಬೇಕು, ಎಷ್ಟು ಮುರಿದುಕೊಳ್ಳಬೇಕು ಅಂತ ಕೇಳಬೇಕು, ಸೊನ್ನೆ ಹಾಕಿದರೂ ಪಟ್ಟಿ ಆಗಬೇಕು. ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಹಂಚಲು ಬರಬೇಕು. ಹಂಚಿದ್ದು ಪಕ್ಕಾ ಆಗುವ ತನಕ 'ಪೆನ್ಸಿಲ್' ಅಂತ ಇರಬೇಕು. ಆ ಹೆಸರನ್ನೇ ಇಟ್ಟೆ. 'ಕರಡು' ಅಂದರೆ ಅಂಗಡಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅಂದಾಜು ಒಂಬತ್ತು ದಿನಕ್ಕೆ ಹೋಯಿತು.

ಗಟ್ಟಿಯಾಗಿ ಓದಿ ಹೇಳಿದೆ. ಗುಮಾಸ್ತರು ಕೇಳಿದರು, "ಪೆನ್ಸಿಲ್‌ದು ಅಳಿಸಿದ್ರೆ ಕಾಣಲ್ಲ, ಅಲ್ವಾ?"

"ಕಾಣ್ಬೇಕು" ಅಂದರು ಒಳಗಿನಿಂದ ಸಾಹುಕಾರರು.

ಎರಡನ್ನೂ ಬರೆದುಕೊಂಡೆ, ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಪೆನ್ಸಿಲ್‌ನಲ್ಲಿ.