ಕರೀ ವೆಲ್ವೆಟ್ ಮೇಲೆ ಕೂತ ಕೆಂಪು ಧೂಳು

ನಂದು ಬಳ್ಳಾರಿಯಲ್ಲಿ ಲೈಟಿಂಗ್ ಕೆಲಸ. ಮದುವೆ, ನಾಟಕ, ಆರ್ಕೆಸ್ಟ್ರಾ ಎಲ್ಲಾ ಮಾಡ್ತೀನಿ, ಆದ್ರೆ ಬೆಳಕು ಅಂದ್ರೇನು ಅಂತ ಕಲ್ತಿದ್ದು ಮಾತ್ರ ಒಬ್ಬ ಜಾದೂ ಮಾಡೋರ ಜೊತೆ ಆರು ವರ್ಷ ಊರೂರು ತಿರುಗಿದಾಗ. ನಾವೆಲ್ಲಾ ಅವ್ರಿಗೆ ಮಾಸ್ಟ್ರು ಅಂತಿದ್ವಿ.

ಅವ್ರ ಶೋದಲ್ಲಿ ಜನ ಕಾಯ್ತಿದ್ದ ಐಟಂ ಬ್ಲ್ಯಾಕ್ ಆರ್ಟ್. ಮಾಟ ಮಂತ್ರ ಅಲ್ರಿ, ಜಾದೂಗಾರರು ಹಂಗಂದ್ರೆ ಅರ್ಥ ಬೇರೆ. ಸ್ಟೇಜಿನ ಹಿಂದೆ, ಎರಡೂ ಸೈಡು, ಮೇಲೆ, ನೆಲ ಎಲ್ಲಾ ಕರೀ ವೆಲ್ವೆಟ್. ಬಿಳೀ ಡ್ರೆಸ್ಸಿನ ಮಾಸ್ಟ್ರು ಕೈ ಎತ್ತಿದ್ರೆ ಬಿಳೀ ಟೇಬಲ್ಲು ಗಾಳಿಯಲ್ಲಿ ತೇಲ್ಕೊಂಡು ಬರ್ತಿತ್ತು, ಖಾಲಿ ಜಾಗದಲ್ಲಿ ಹೂದಾನಿ ಹುಟ್ತಿತ್ತು. ಟೇಬಲ್ ಹೊತ್ಕೊಂಡು ಬರೋನು ಮುಖಾನೂ ಮುಚ್ಕೊಂಡು ಪೂರ್ತಿ ಕರೀ ವೆಲ್ವೆಟ್ ಹಾಕ್ಕೊಂಡಿರೋ ಹುಡುಗ, ಹೂದಾನಿ ಮೊದ್ಲಿಂದ ಅಲ್ಲೇ ಇರುತ್ತೆ, ಮೇಲಿನ ಕರೀ ಬಟ್ಟೆ ಎಳೀತಾನೆ ಅಷ್ಟೇ. 1880ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಔಝಿಂಗರ್ ಶುರು ಮಾಡಿದ ವಿದ್ಯೆ ಇದು, ಜಾದೂ ಪುಸ್ತಕಗಳಲ್ಲಿ ಯಾವತ್ತೋ ಅಚ್ಚಾಗಿ ಹೋಗೈತೆ, ಅದಕ್ಕೇ ಬಿಚ್ಚಿ ಹೇಳ್ತಿದೀನಿ. ಯಾಕೆ ವೆಲ್ವೆಟ್ಟೇ ಬೇಕು ಅಂದ್ರೆ ಅದ್ರ ನವಿರು ಎಳೆಗಳ ಸಂದಿಯಲ್ಲಿ ಬೆಳಕು ಸಿಕ್ಕಾಕ್ಕೊಂಡ್ರೆ ವಾಪಸ್ ಬರಲ್ಲ, ಸ್ಯಾಟಿನ್ ಹಾಕಿದ್ರೆ ಮಿಂಚಿ ಎಲ್ಲಾ ಹಾಳು.

ಮೊದ್ಲ ದಿನ ನಾನು ಕತ್ಲಿದ್ದಷ್ಟೂ ಚಲೋ ಅಂತ ಎಲ್ಲಾ ಆರಿಸಿಬಿಟ್ಟಿದ್ದೆ. ಮಾಸ್ಟ್ರು ಕರೆದು, "ತಮ್ಮಾ, ಕತ್ಲಾಗೆ ಕೂತೋರ ಕಣ್ಣು ಬೆಕ್ಕಿನ ಕಣ್ಣಾಗ್ತೈತೆ, ಅವ್ರ ಮುಖಕ್ಕೆ ಒಂಚೂರು ಬೆಳಕು ಕೊಡು" ಅಂದ್ರು. ಸ್ಟೇಜಿನ ಎರಡೂ ಅಂಚಿಗೆ ಜನರ ಕಡೆ ತಿರುಗಿಸಿ ಸಣ್ಣ ಬಲ್ಬು ಹಾಕಿದ್ವಿ. ಆ ಬೆಳಕಿಗೆ ಕಣ್ಣಿನ ಪಾಪೆ ಸಣ್ಣದಾಗುತ್ತೆ, ಆಮೇಲೆ ಬಲ್ಬಿನ ಹಿಂದಿರೋ ಕಪ್ಪು ಬಟ್ಟೆ ಅನ್ಸಲ್ಲ, ಬಾವಿ ಅನ್ಸುತ್ತೆ. ನಾನೇ ಕೆಳಗೆ ಹೋಗಿ ನೋಡ್ದೆ, ನಾನೇ ಕಟ್ಟಿದ ಪರದೆ ನನಗೇ ಕಾಣ್ಲಿಲ್ಲ.

ಇಷ್ಟೆಲ್ಲಾ ಗೊತ್ತಿದ್ರೂ ನಾನು ಎಡವಿದ್ದು ಸಂಡೂರು ಕಡೆ ಒಂದು ಜಾತ್ರೇಲಿ. ಪಕ್ಕದಲ್ಲೇ ಅದಿರು ಲಾರಿ ಓಡಾಡೋ ರಸ್ತೆ, ನಾನು ಮಧ್ಯಾಹ್ನ ಮೂರಕ್ಕೇ ವೆಲ್ವೆಟ್ ಕಟ್ಟಿ ಊಟಕ್ಕೆ ಹೋದೆ, ಆಮೇಲೆ ಜನರೇಟರ್ ವೈರು ಅದು ಇದು ಅಂತ ಆ ಕಡೆ ತಿರುಗಿ ನೋಡ್ಲೇ ಇಲ್ಲ. ರಾತ್ರಿ ಲೈಟ್ ಬಿಟ್ಟಾಗ ಆರು ತಾಸಿನ ಕೆಂಪು ಧೂಳು ಪರದೆ ಮೇಲೆ ಹಿಟ್ಟು ಉದುರಿಸಿದಂಗೆ ಕೂತಿತ್ತು. ಬಾವಿ ಇರಬೇಕಾದಲ್ಲಿ ಗೋಡೆ. ಹುಡುಗನ ಡ್ರೆಸ್ಸು ಪೆಟ್ಟಿಗೆಯಲ್ಲಿದ್ದಿದ್ದು, ಅದ್ರ ಮೇಲೆ ಒಂದು ಕಣ ಧೂಳಿಲ್ಲ, ಹಂಗಾಗಿ ಕೆಂಪು ಗೋಡೆ ಮುಂದೆ ಅವ್ನು ಕತ್ತರಿಸಿಟ್ಟಂಗೆ ಕಂಡ. ಮುಂದೆ ಕೂತ ಒಂದು ಕೂಸು "ಯವ್ವಾ, ಅಲ್ನೋಡು, ಕರೀ ಮನ್ಷ ಹೊಂಟಾನೆ!" ಅಂತ ಕೂಗಿಬಿಡ್ತು. ನನ್ನ ಕೈ ಡಿಮ್ಮರ್ ಮೇಲೆ ಹಂಗೇ ನಿಂತೋಯ್ತು.

ಮಾಸ್ಟ್ರು ಮಾತ್ರ ನಗ್ತಾ ಸ್ಟೇಜ್ ಇಳಿದು ಮುಂದಿನ ಸಾಲಿನ ಒಬ್ಬ ಅಜ್ಜನ ಟವೆಲ್ ಕಡೆ ನೋಡಿದ್ರು. ಅವ್ರು ನೋಡಿದ್ದೇ ತಡ ಇಡೀ ಜಾತ್ರೆ ಟವೆಲ್ ನೋಡ್ತು, ಅಷ್ಟರಲ್ಲಿ ಇನ್ನೊಂದು ಕೈ ಜೇಬಿಗೆ ಹೋಗಿ ಬಂದಿತ್ತು. ಟವೆಲ್ಲಿಂದ ನಾಣ್ಯ ಉದುರಿ ಜನ ಚಪ್ಪಾಳೆ ಹೊಡೆಯೋ ಹೊತ್ತಿಗೆ ನನಗೆ ಕಣ್ಸನ್ನೆ, ಲೈಟ್ ತೆಗೆದೆ, ಹುಡುಗ ಒಳಗೆ ಹೋದ. ಚಪ್ಪಾಳೆ ಹೊಡೆಯೋವಾಗ ಯಾರೂ ಹುಷಾರಾಗಿ ನೋಡಲ್ಲ, ಜಾದೂದಲ್ಲಿ ದೊಡ್ಡ ಕಳ್ಳತನಗಳೆಲ್ಲ ನಡೆಯೋದು ಆ ಗಳಿಗೇಲೇ.

ರಾತ್ರಿ ಅವ್ರು ಬೈಲಿಲ್ಲ. "ನಾಳಿಂದ ಕೂಸುಗಳು ಕೂಡೋ ಜಾಗದಾಗ ನೀನು ಕೂತು ನೋಡು" ಅಂದ್ರು ಅಷ್ಟೇ.

ಅವತ್ತಿಂದ ವೆಲ್ವೆಟ್ ಬೆಡ್‌ಶೀಟಲ್ಲಿ ಸುತ್ತಿಟ್ಟು ಶೋಗೆ ಒಂದು ತಾಸು ಮುಂಚೆ ಕಟ್ತಿದ್ದೆ. ಅದಕ್ಕೂ ಮುಂಚೆ ಸ್ಟೇಜ್ ಸುತ್ತ ನೀರು ಚಿಮುಕಿಸೋದು, ಕಟ್ಟಿದ ಮೇಲೆ ಬ್ರಷ್ಷನ್ನ ಒಂದೇ ದಿಕ್ಕಿಗೆ ಎಳೆಯೋದು. ಆಮೇಲೆ ಹುಡುಗನಿಗೆ ಡ್ರೆಸ್ ಹಾಕಿಸಿ ಸ್ಟೇಜ್ ಮೇಲೆ ನಡೆಸಿ, ನಾನು ನಾಲ್ಕೂ ಮೂಲೇಲಿ ಕೂತು ನೋಡ್ತಿದ್ದೆ, ಎಡಗಡೆ ಮೂಲೇಲಿ ನೆಲದ ಮೇಲೆ ಕೂತ್ರೆ ಪರದೆ ಕೆಳಗಿಂದ ಪಾದ ಕಾಣೋದು ಗೊತ್ತಾಗಿದ್ದು ಹಂಗೇ. ಈಗ ನಾಟಕದ ಲೈಟ್ ಹಾಕೋಕೆ ಹೋದ್ರೂ ಮೊದ್ಲು ಚಪ್ಲಿ ಬಿಟ್ಟು ಆ ಮೂಲೇಲಿ ಒಂದು ಐದು ನಿಮಿಷ ಕೂತ್ಕೋತೀನಿ, ಆಮೇಲೇ ಏಣಿ ಹತ್ತೋದು.