ಕಪ್ಪು ವೈರ್‌ಗೆ ಲೈವ್ ಕೊಟ್ಟವನನ್ನ ನೋಡಿ ನಕ್ಕಿದ್ದೆ

ಚಿಕ್ಕಮಗಳೂರಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟು 19 ವರ್ಷ ಆಯ್ತು. ದಿನಾ ಬರೋದು ಜೀಪು, ಪಿಕಪ್ಪು, ಎಸ್ಟೇಟ್ ಟ್ರ್ಯಾಕ್ಟರು, ಮಳೆಗಾಲ ಬಂದ್ರೆ ನೀರು ಕುಡ್ದ ಸ್ಟಾರ್ಟರ್ ಮೋಟಾರು. ಸ್ಪೋರ್ಟ್ಸ್ ಕಾರು ಅಂತ ಬರೋದು ಅಪರೂಪ. ಹೋದ ಏಪ್ರಿಲ್‌ನಲ್ಲಿ ಆಲ್ದೂರು ಕಡೆ ಎಸ್ಟೇಟ್ ಗೌಡ್ರೊಬ್ರು ಫೋನ್ ಮಾಡಿ, ನಮ್ಮಪ್ಪಂದು ಒಂದು ಹಳೇ ಗಾಡಿ ಇದೆ ಕಣಪ್ಪ, ಫ್ಯಾನ್ ವೈರಿಂಗ್ ಸುಟ್ಟ ವಾಸನೆ ಬರ್ತಿದೆ, ನೋಡು ಅಂದ್ರು. ಅಂಬಾಸಿಡರೋ ಪದ್ಮಿನಿಯೋ ಇರ್ಬೇಕು ಅನ್ಕೊಂಡಿದ್ರೆ ಬಂದಿದ್ದು ಎಂಜಿಬಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. 1965ರದ್ದು, ಎರಡೇ ಸೀಟು, ಮೇಲೆ ಬಟ್ಟೆ ಟಾಪು, 1798 ಸಿಸಿ ಇಂಜಿನ್ನು. ಪಕ್ಕದ ಟೈರ್ ಅಂಗಡಿಯವ್ರೆಲ್ಲ ಕೆಲಸ ಬಿಟ್ಟು ಬಂದು ಫೋಟೋ ಹೊಡ್ಕೊಂಡ್ರು.

ಈ ಗಾಡಿಗೆ ಕಂಪನಿಯಿಂದ ಬಂದಿದ್ದು ಇಂಜಿನ್ ಬೆಲ್ಟಲ್ಲೇ ತಿರುಗೋ ಫ್ಯಾನು. ಅದ್ರಲ್ಲಿ ಏನಪ್ಪಾ ಅಂದ್ರೆ ಗಾಡಿ ನಿಂತಾಗ ಇಂಜಿನ್ ನಿಧಾನ, ಹಂಗಾಗಿ ಫ್ಯಾನೂ ನಿಧಾನ, ಗಾಳಿ ಬೇಕಾಗಿರೋದೇ ಅವಾಗ. ಅದಕ್ಕೆ ಗೌಡ್ರು ಎರಡು ವರ್ಷದ ಹಿಂದೆ ಬೇರೆ ಊರಲ್ಲಿ ಅದನ್ನ ಬಿಚ್ಚಿಸಿ ರೇಡಿಯೇಟರ್ ಮುಂದ್ಗಡೆ ಒಂದು 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿದ್ರು. ಮುಂದ್ಗಡೆಯಿಂದ ಗಾಳಿನ ರೇಡಿಯೇಟರ್ ಒಳಕ್ಕೆ ತಳ್ಳೋ ಟೈಪು.

ಬಾನೆಟ್ ಎತ್ತಿ ನೋಡ್ದೆ, ನಗು ಬಂತು. ಇಗ್ನಿಷನ್ ಸ್ವಿಚ್ಚಿನ ಬಿಳಿ ವೈರಿಂದ ನೇರ ಲೈನ್ ಎಳೆದು ಡ್ಯಾಶ್ ಕೆಳಗೆ ಒಂದು ಸ್ವಿಚ್ ಹಾಕಿ ಅಲ್ಲಿಂದ ಫ್ಯಾನಿಗೆ ಕೊಟ್ಟಿದ್ರು, ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು) ಇಲ್ಲ ಫ್ಯೂಸ್ ಇಲ್ಲ, ವೈರು ಇಂಡಿಕೇಟರ್‌ಗೆ ಹಾಕೋ ಅಷ್ಟು ಸಪೂರ. ಫ್ಯಾನು ಓಡ್ತಾ 9 ಆಂಪಿಯರ್ ಎಳೆಯುತ್ತೆ, ಸ್ಟಾರ್ಟ್ ಆಗೋ ಆ ಒಂದು ಕ್ಷಣ ಅದರ ಎರಡು ಮೂರು ಪಟ್ಟು. ವೈರಿನ ಪಿವಿಸಿ ಮೆತ್ತಗಾಗಿ ಪಕ್ಕದ ವೈರಿಗೆ ಅಂಟ್ಕೊಂಡಿತ್ತು, ಸ್ವಿಚ್ಚಿನ ಕಾಲು ಸುಟ್ಟ ಬೆಲ್ಲದ ಬಣ್ಣಕ್ಕೆ ಬಂದಿತ್ತು. ಸಾಮಾನ್ಯವಾಗಿ ಕೆಂಪು ವೈರಿಗೆ ಲೈವ್, ಅಂದ್ರೆ ಸ್ವಿಚ್ಚಿಂದ ಬರೋ ಲೈನು, ಕಪ್ಪು ವೈರು ಗಾಡಿಯ ಬಾಡಿ ತಗಡಿಗೆ. ಸಾಲದ್ದಕ್ಕೆ ಫ್ಯಾನಿನ ಕಪ್ಪು ವೈರಿಗೆ ಲೈವ್ ಕೊಟ್ಟು ಕೆಂಪು ವೈರನ್ನ ಬಾಡಿ ತಗಡಿಗೆ ಕಟ್ಟಿದ್ದ ಪುಣ್ಯಾತ್ಮ. ನಮ್ಮ ಹುಡುಗನ್ನ ಕರೆದು ತೋರಿಸ್ದೆ, ನೋಡೋ, ಕಪ್ಪು ಯಾವುದು ಕೆಂಪು ಯಾವುದು ಗೊತ್ತಿಲ್ದೋರೆಲ್ಲ ವೈರಿಂಗ್ ಮಾಡ್ತಾರೆ ಅಂತ. ಇಬ್ರೂ ನಕ್ಕಿದ್ದೇ ನಕ್ಕಿದ್ದು.

ಪೂರ್ತಿ ಕಿತ್ತು ಹೊಸದಾಗಿ ಮಾಡ್ದೆ. ಸ್ಟಾರ್ಟರ್ ಸೊಲೆನಾಯ್ಡಿಂದ 4 ಸ್ಕ್ವೇರ್ ಎಂಎಂ ವೈರು, ಅರ್ಧ ಅಡಿ ಒಳಗೇ 20 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ನಂಬರಿನ ಕಾಲಿಗೆ. 87ರಿಂದ ಫ್ಯಾನಿನ ಕೆಂಪು ವೈರಿಗೆ. ಕಾಯಿಲಿಗೆ ಅಂದ್ರೆ 86ಕ್ಕೆ ಇಗ್ನಿಷನ್ ಲೈನು, ಅದಕ್ಕೆ ಬೇರೆ 5 ಆಂಪಿಯರ್ ಫ್ಯೂಸು, 85ರಿಂದ ಥರ್ಮೋಸ್ವಿಚ್ಚಿಗೆ, ಅಂದ್ರೆ ನೀರಿನ ಬಿಸಿ ನೋಡಿ ಆನ್-ಆಫ್ ಆಗೋ ಸ್ವಿಚ್ಚಿಗೆ, ಅಲ್ಲಿಂದ ಬಾಡಿ ತಗಡಿಗೆ. ಸ್ವಿಚ್ಚು 92 ಡಿಗ್ರಿಗೆ ಆನ್ 87ಕ್ಕೆ ಆಫ್ ಆಗೋದು ಹಾಕ್ದೆ. ಬಿಸಿ ನೀರನ್ನ ರೇಡಿಯೇಟರಿಗೆ ಬಿಡೋ ಬಾಗಿಲು, ಅಂದ್ರೆ ಇಂಜಿನ್ ಥರ್ಮೋಸ್ಟಾಟು, 82ಕ್ಕೆ ತೆರೆಯುತ್ತೆ, ಫ್ಯಾನ್ ಸ್ವಿಚ್ಚು ಅದಕ್ಕಿಂತ ಕೆಳಗೆ ಇದ್ರೆ ಫ್ಯಾನು ಆಫೇ ಆಗಲ್ಲ, ಇದನ್ನ ಬಹಳ ಜನ ಮರೀತಾರೆ. ಅರ್ಥ್ ಜಾಗದಲ್ಲಿ, ಅಂದ್ರೆ ವೈರು ಬಾಡಿ ತಗಡಿಗೆ ಕೂರೋ ಕಡೆ, ಪೇಂಟ್ ಕೆರೆದು ಹಲ್ಲಿನ ವಾಷರ್ ಹಾಕಿ ಮೇಲೆ ವ್ಯಾಸಲೀನ್ ಸವರಿದೆ. ನೋಡೋಕೆ ಚೆಂದ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಟೆಸ್ಟ್ ಮಾಡೋಕೆ ಥರ್ಮೋಸ್ವಿಚ್ಚಿನ ವೈರನ್ನ ಬಾಡಿಗೆ ತಾಗಿಸ್ದೆ, ಪಟ್ ಅಂತ ಆ 5 ಆಂಪಿಯರ್ ಫ್ಯೂಸು ಹೋಯ್ತು. ಬೇರೆ ಹಾಕ್ದೆ, ಅದೂ ಹೋಯ್ತು. ರಿಲೇ ಡೂಪ್ಲಿಕೇಟು ಅಂತ ಬೈದು ಬಿಸಾಕಿ ಡಬ್ಬದಲ್ಲಿದ್ದ ಇನ್ನೊಂದು ಹಾಕ್ದೆ, ಫ್ಯಾನು ಜುಂಯ್ ಅಂತ ತಿರುಗ್ತು. ಮುಗೀತು ಕೆಲಸ ಅಂತ ಟೀ ಕುಡಿಯೋಕೆ ಹೋದ್ವಿ. ಆ ಫ್ಯೂಸು ಎರಡು ಸಲ ನಂಗೆ ವಿಷಯ ಹೇಳಿತ್ತು, ನಾನು ಕೇಳಿಸ್ಕೊಳ್ಳಲಿಲ್ಲ ಅಷ್ಟೇ.

ಭಾನುವಾರ ಗೌಡ್ರು ಮುಳ್ಳಯ್ಯನಗಿರಿ ಕಡೆ ತಗೊಂಡು ಹೋದ್ರು. ವೀಕೆಂಡಲ್ಲಿ ಕೈಮರ ಚೆಕ್‌ಪೋಸ್ಟ್ ಹತ್ರ ಟೂರಿಸ್ಟ್ ಗಾಡಿಗಳ ಸಾಲು ಹೆಂಗಿರುತ್ತೆ ಅಂತ ನಮ್ಮೂರವ್ರಿಗೆ ಹೇಳೋದೇ ಬೇಡ. ಅರ್ಧ ಗಂಟೆ ಅಲ್ಲೇ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ನೀರು ಉಕ್ಕಿ ಗ್ರಿಲ್ಲಿಂದ ಹೊಗೆ. ಫೋನಲ್ಲಿ ಅವ್ರು ಬೈಯಲಿಲ್ಲ, "ಏನಪ್ಪಾ, ಮೊದ್ಲು ವಾಸನೆ ಮಾತ್ರ ಬರ್ತಿತ್ತು, ಕುದೀತಿರ್ಲಿಲ್ಲ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಸೋಮವಾರ ಗಾಡಿ ಬಂತು. ನಾನು ಎಲ್ಲಾದರ ಮೇಲೂ ಅನುಮಾನ ಪಟ್ಟೆ, ನನ್ನ ವೈರಿಂಗ್ ಒಂದು ಬಿಟ್ಟು. ರೇಡಿಯೇಟರ್ ಕಟ್ಟಿದೆಯಾ ನೋಡ್ದೆ, ಇಲ್ಲ. ಥರ್ಮೋಸ್ಟಾಟ್ ಬಿಚ್ಚಿ ಬಿಸಿನೀರಿನ ಪಾತ್ರೇಲಿ ಹಾಕ್ದೆ, ಸರಿಯಾಗಿ ಬಾಯಿ ಬಿಡ್ತು. ರೇಡಿಯೇಟರ್ ಕ್ಯಾಪ್ ಮೇಲೆ ಗೂಬೆ ಕೂರಿಸ್ದೆ, ಅದಕ್ಕೆ ಒಂದು ಲೆಕ್ಕಾನೂ ಇತ್ತು, ನಮ್ಮೂರು ಸುಮಾರು 1090 ಮೀಟರ್ ಎತ್ತರ, ಇಲ್ಲಿ ತೆರೆದ ಪಾತ್ರೇಲಿ ನೀರು 96ರ ಆಸುಪಾಸಿಗೇ ಕುದಿಯುತ್ತೆ, ಕ್ಯಾಪಿನ ಸ್ಪ್ರಿಂಗ್ ಪ್ರೆಶರ್ ಹಿಡೀದೇ ಇದ್ರೆ ಕೆಳಗಿನ ಊರಿಗಿಂತ ಬೇಗ ಉಕ್ಕುತ್ತೆ, ಗಿರಿ ಮೇಲಂತೂ ಇನ್ನೂ ಬೇಗ. ಹೊಸ ಕ್ಯಾಪ್ ಹಾಕ್ದೆ. ಗಾಡಿ ಐಡಲಲ್ಲಿ ಇಟ್ಟೆ. 92ಕ್ಕೆ ಫ್ಯಾನು ಆನ್ ಆಯ್ತು, ಆದ್ರೂ ಮುಳ್ಳು ಏರ್ತಾನೇ ಹೋಯ್ತು.

ಅವಾಗ ನಮ್ಮ ಹುಡುಗ ಗ್ರಿಲ್ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ಪಾನರ್ ಒರೆಸ್ತಿದ್ದ. "ಅಣ್ಣ, ಮುಖಕ್ಕೆ ಒಲೆ ಮುಂದೆ ಕೂತಂಗೆ ಬಿಸಿ ಹೊಡೀತಿದೆ" ಅಂದ.

ಗಾಳಿ ಒಳಗೆ ಹೋಗೋ ಜಾಗ ಅದು, ಅಲ್ಲಿ ಬಿಸಿ ಹೆಂಗೆ ಬರುತ್ತೆ? ಒಂದು ಬಿಲ್ ಹಾಳೆ ಹರಿದು ಗ್ರಿಲ್ ಹತ್ರ ಹಿಡಿದೆ. ಅಂಟ್ಕೊಳ್ಳೋ ಬದಲು ಪಟಪಟ ಅಂತ ಆಚೆ ಹಾರ್ತು. ಫ್ಯಾನು ಉಲ್ಟಾ ತಿರುಗ್ತಿದೆ. ಇಂಜಿನ್ ರೂಮಿನ ಕಾದ ಗಾಳಿನೇ ಎಳೆದು ರೇಡಿಯೇಟರ್ ಮೂಲಕ ಆಚೆ ದಬ್ತಿದೆ, ರೆಕ್ಕೆಯ ಬಾಗು ಬೇರೆ ಉಲ್ಟಾ ಆದ್ದರಿಂದ ಗಾಳಿನೂ ಅರೆಬರೆ.

ಕೆಂಪು ವೈರಿಗೆ ಲೈವ್ ಕೊಟ್ಟಿದೀನಿ, ಉಲ್ಟಾ ಹೆಂಗೆ ತಿರುಗುತ್ತೆ ಅಂತ ತಲೆ ಕೆರ್ಕೊಂಡು ನಿಂತಿದ್ದಾಗ ಪಕ್ಕದ ಗ್ಯಾರೇಜಿನ ಭಾಯ್ ಬಂದ್ರು, ಎಪ್ಪತ್ತರ ಹತ್ರ ವಯಸ್ಸು. "ಬ್ಯಾಟರಿ ನೋಡಿದ್ಯೇನೋ?" ಅಂತ ಕೇಳಿದ್ರು. ನೋಡಿರ್ಲಿಲ್ಲ. ಈ ಗಾಡೀಲಿ ಬ್ಯಾಟರಿ ಬಾನೆಟ್ ಕೆಳಗಿಲ್ಲ, ಸೀಟಿನ ಹಿಂದೆ ನೆಲದಲ್ಲಿ, 6 ವೋಲ್ಟಿನವು ಎರಡು. ಮುಚ್ಚಳ ತೆಗೆದು ಟಾರ್ಚ್ ಬಿಟ್ರೆ ಬಾಡಿಗೆ ಬೋಲ್ಟ್ ಆಗಿರೋ ದಪ್ಪ ಕೇಬಲ್ಲು ಪ್ಲಸ್ಸಿಂದ ಬಂದಿದೆ. ಪಾಸಿಟಿವ್ ಅರ್ಥ್. ಆ ಕಾಲದ ಇಂಗ್ಲಿಷ್ ಗಾಡಿಗಳು ಬಹಳಷ್ಟು ಹಿಂಗೇ, ಎಂಜಿಬಿ ನೆಗೆಟಿವ್ ಅರ್ಥಿಗೆ ಬಂದಿದ್ದು 1967ರ ಕೊನೇಲಿ. ಅಂದ್ರೆ ಈ ಗಾಡೀಲಿ ಬಾಡಿನೇ ಪ್ಲಸ್ಸು, ನಾವು ಲೈವ್ ಅನ್ನೋದು ಮೈನಸ್ಸು. ಕಪ್ಪು ವೈರಿಗೆ ಲೈವ್ ಕೊಟ್ಟಿದ್ದ ಆ ಪುಣ್ಯಾತ್ಮ ಸರಿಯಾಗೇ ಕೊಟ್ಟಿದ್ದ. ಸಪೂರ ವೈರು ಅವನ ತಪ್ಪು, ಉಲ್ಟಾ ಫ್ಯಾನು ನಂದು.

ನನ್ನ ಟೆಸ್ಟ್ ಲ್ಯಾಂಪಿಗೆ ಪ್ಲಸ್ಸೂ ಒಂದೇ ಮೈನಸ್ಸೂ ಒಂದೇ, ಎರಡೂ ಕಡೆ ಉರಿಯುತ್ತೆ. ಮೀಟರ್ ಹಿಡಿದಿದ್ರೆ ಮೈನಸ್ 12.6 ಅಂತ ಮುಖಕ್ಕೆ ಹೊಡೆದಂಗೆ ತೋರಿಸ್ತಿತ್ತು, ಮೀಟರು ಡ್ರಾದಲ್ಲಿ ಮಲಗಿತ್ತು. ಕಸದ ಡಬ್ಬದಿಂದ ಆ ಡೂಪ್ಲಿಕೇಟ್ ರಿಲೇ ಹುಡುಕಿ ತೆಗೆದೆ. ಅದರ ಮೈಮೇಲೆ ಚಿಕ್ಕದಾಗಿ ಡಯೋಡ್, ಅಂದ್ರೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಪಾರ್ಟಿನ ಚಿತ್ರ ಪ್ರಿಂಟ್ ಆಗಿತ್ತು. 85-86ರ ಮಧ್ಯೆ ಡಯೋಡ್ ಇರೋ ರಿಲೇಗೆ ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಕರೆಂಟು ಕಾಯಿಲ್ ಬಿಟ್ಟು ಡಯೋಡಲ್ಲೇ ನುಗ್ಗುತ್ತೆ, ಫ್ಯೂಸ್ ಹೋಗ್ದೇ ಇನ್ನೇನಾಗುತ್ತೆ. ಎರಡನೇ ರಿಲೇಲಿ ಡಯೋಡ್ ಇರ್ಲಿಲ್ಲ, ಹಂಗಾಗಿ ಸುಮ್ಮನಿತ್ತು.

ಫ್ಯಾನಿನ ಎರಡು ವೈರು ಅದಲುಬದಲು ಮಾಡೋಕೆ ಐದು ನಿಮಿಷ. ಹಾಳೆ ಗ್ರಿಲ್ಲಿಗೆ ಅಂಟ್ಕೊಂತು, ಮುಳ್ಳು ಇಳೀತು, ಫ್ಯಾನು ಆಫ್ ಆಯ್ತು. ಗೌಡ್ರಿಗೆ ಇದ್ದಿದ್ದು ಇದ್ದಂಗೆ ಹೇಳ್ದೆ, ಎರಡನೇ ದಿನದ ಕೂಲಿ ತಗೊಳ್ಳಲಿಲ್ಲ.

ಇನ್ನೊಂದು ಮಾತೂ ಹೇಳಿ ಕಳಿಸ್ದೆ. ಇದ್ರಲ್ಲಿರೋದು ಡೈನಮೋ, ಆಲ್ಟರ್ನೇಟರ್ ಅಲ್ಲ, ಜಾಸ್ತಿ ಅಂದ್ರೆ 22 ಆಂಪಿಯರ್, ಐಡಲಲ್ಲಿ ಹೆಚ್ಚುಕಮ್ಮಿ ಎಂತದೂ ಇಲ್ಲ. ರಾತ್ರಿ ಮಳೇಲಿ ಚಾರ್ಮಾಡಿ ಘಾಟಿ ಇಳೀತಾ ಹೆಡ್‌ಲೈಟು, ವೈಪರು, ಫ್ಯಾನು ಎಲ್ಲಾ ಒಟ್ಟಿಗೆ ಇದ್ದು ಟ್ರಾಫಿಕ್ಕಲ್ಲಿ ನಿಂತ್ರೆ ಬ್ಯಾಟರಿ ತಿಂದ್ಕೊಂಡು ಹೋಗುತ್ತೆ. ನೆಗೆಟಿವ್ ಅರ್ಥ್ ಮಾಡಿ ಆಲ್ಟರ್ನೇಟರ್ ಹಾಕ್ಕೊಡ್ತೀನಿ ಗೌಡ್ರೇ ಅಂದೆ. ಅಪ್ಪ ಇಟ್ಟಂಗೇ ಇರ್ಲಿ ಬಿಡು ಅಂದ್ರು. ಸರಿ ಅಂತ ರಿಲೇ ಪಕ್ಕ ಒಂದು ತಗಡಿನ ತುಂಡು ಕಟ್ಟಿ ಮಾರ್ಕರಲ್ಲಿ ಬರೆದೆ, "ಬಾಡಿ ಪ್ಲಸ್. ಕಪ್ಪು ವೈರೇ ಲೈವ್. ಬದಲಾಯಿಸ್ಬೇಡಿ."

ಮೊನ್ನೆ ಗೌಡ್ರು ಮತ್ತೆ ಫೋನ್ ಮಾಡಿದ್ರು. ಮಗಳು ಕೇಳ್ತಿದಾಳಂತೆ, ಅದೇ ಗಾಡಿಗೆ ಮೊಬೈಲ್ ಚಾರ್ಜರ್ ಪಾಯಿಂಟ್ ಬೇಕಂತೆ.