‘ಅವತ್ತು ಬೇಡ ಅಂದೋನು ನೀನೇ ಅಲ್ವಾ?’

ಹೋದ ವರ್ಷ ನಾಪೋಕ್ಲು ಹತ್ರ ಒಂದು ತೋಟದ ಮನೆಗೆ ಸೋಲಾರ್ ಕೊಟೇಶನ್ ಹಿಡ್ಕೊಂಡು ಹೋಗಿದ್ದೆ. 3 ಕಿಲೋವ್ಯಾಟ್, ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೇಲಿ ಸಬ್ಸಿಡಿ 78,000 ಬರುತ್ತೆ ಅಂತೆಲ್ಲಾ ಹೇಳಿ ಮುಗಿಸೋ ತನಕ ಅಂಕಲ್ ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ಕಾಫಿ ಲೋಟ ಕೆಳಗಿಟ್ಟು "ಎಂಟು ವರ್ಷದ ಹಿಂದೆ ಇದೇ ಜಗಲೀಲಿ ಕೂತು, ಕೊಡಗಿನ ಮಳೆಗೆ ಸೋಲಾರ್ ದಂಡ, ಜನರೇಟರ್ ತಗೊಳಿ ಅಂದೋನು ನೀನೇ ಅಲ್ವಾಪ್ಪ?" ಅಂದ್ರು. ನಾನೇ ಅಂದಿದ್ದು. ಆದ್ರೆ ಬಾಯಿಗೆ ಬಂದಿದ್ದು "ಆಗ ಎಲ್ರೂ ಹಂಗೇ ಹೇಳ್ತಿದ್ರು ಅಂಕಲ್". ಅವರು ಮತ್ತೇನೂ ಅನ್ಲಿಲ್ಲ, ಆರ್ಡರೂ ಕೊಡ್ಲಿಲ್ಲ.

ಈ ಫೀಲ್ಡಲ್ಲಿ ಇರೋದ್ರಿಂದ ಹೊರದೇಶದ ಕರೆಂಟಿನ ಸುದ್ದೀನೂ ಓದ್ತಿರ್ತೀನಿ, ಆ ರಾತ್ರಿ ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ನೆನಪಾದ್ರು. 2013ರಲ್ಲಿ ಲಂಡನ್ ಮೇಯರ್ ಆಗಿದ್ದಾಗ, ಗಾಳಿಯಂತ್ರಕ್ಕೆ ಅಕ್ಕಿ ಪಾಯಸದ ಮೇಲಿನ ಕೆನೆ ಎಳೆಯೋ ತಾಕತ್ತೂ ಇಲ್ಲ ಅಂದಿದ್ರು. 2020ರಲ್ಲಿ ಪ್ರಧಾನಿಯಾಗಿದ್ದಾಗ ಒಂದು ಭಾಷಣದಲ್ಲಿ, 2030ರೊಳಗೆ ಸಮುದ್ರದ ಗಾಳಿಯಿಂದ 40 ಗಿಗಾವ್ಯಾಟ್, ದೇಶದ ಪ್ರತಿ ಮನೆಗೂ ಸಾಕಾಗೋಷ್ಟು ಕರೆಂಟು ಅಂದ್ರು. ಬದಲಾಗಿದ್ದು ತಪ್ಪಲ್ಲ, ಗಟ್ಟಿ ಕಾರಣಾನೇ ಇತ್ತು, 2015ರ ಸರ್ಕಾರಿ ಹರಾಜಲ್ಲಿ ಮೆಗಾವ್ಯಾಟ್ ಅವರ್‌ಗೆ (ಅಂದ್ರೆ ಸಾವಿರ ಯೂನಿಟ್‌ಗೆ) 115 ಪೌಂಡ್ ಆಸುಪಾಸು ಇದ್ದ ಸಮುದ್ರದ ಗಾಳಿ ಕರೆಂಟು 2019ಕ್ಕೆ 40ರ ಹತ್ರ ಇಳಿದಿತ್ತು. ಆದ್ರೆ ಅದೇ ಭಾಷಣದಲ್ಲಿ ಪಾಯಸದ ಮಾತನ್ನ ಎತ್ತಿ, ಇಪ್ಪತ್ತು ವರ್ಷದ ಹಿಂದೆ ‘ಕೆಲವರು’ ಹೀಗೆ ಲೇವಡಿ ಮಾಡ್ತಿದ್ರು ಅಂದ್ರು, ಅದು ಏಳೇ ವರ್ಷದ ಹಿಂದೆ ತಾನೇ ಆಡಿದ್ದ ಮಾತು ಅನ್ಲಿಲ್ಲ. ನೆಲದ ಮೇಲಿನ ಗಾಳಿಯಂತ್ರಕ್ಕೆ ಇಂಗ್ಲೆಂಡಲ್ಲಿ 2015ರಿಂದ ಇದ್ದ ನಿಯಮದ ಅಡ್ಡಗಾಲನ್ನೂ ಅಧಿಕಾರದಲ್ಲಿದ್ದ ಮೂರು ವರ್ಷ ತೆಗೀಲಿಲ್ಲ, 2022ರ ಸೆಪ್ಟೆಂಬರಲ್ಲಿ ಕುರ್ಚಿ ಬಿಟ್ಟು ನವೆಂಬರಲ್ಲಿ ಬರೀ ಸಂಸದರಾಗಿ, ಅದನ್ನ ತೆಗೀಬೇಕು ಅನ್ನೋ ತಿದ್ದುಪಡಿಗೆ ಸಹಿ ಹಾಕಿದ್ರು. ಅವರ ‘ಕೆಲವರು’, ನನ್ನ ‘ಎಲ್ರೂ’, ಎರಡೂ ಒಂದೇ ಅನ್ನಿಸ್ತು, ನಿದ್ದೆ ಬರ್ಲಿಲ್ಲ.

ಮುಂದಿನ ವಾರ ಮತ್ತೆ ಹೋದೆ. "ಬೇಡ ಅಂದಿದ್ದು ನಾನೇ ಅಂಕಲ್, ಜುಲೈ ಒಂದೇ ತಿಂಗಳು ನೋಡಿ ಇಡೀ ವರ್ಷದ ಲೆಕ್ಕ ಹೇಳ್ಬಿಟ್ಟೆ, ನಿಮ್ಮ ಕಣದಲ್ಲಿ ಕಾಫಿ ಒಣಗಿಸೋ ಬಿಸಿಲನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ" ಅಂದೆ. ಬದಲಾಗದೇ ಇರೋದನ್ನೂ ಹೇಳ್ದೆ. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದ್ರೆ ಬ್ಯಾಟರಿ ಇಲ್ದೆ ಲೈನಿಗೇ ಸೇರಿಸಿರೋ ಆನ್‌ಗ್ರಿಡ್ ಸೋಲಾರೂ ಆಫ್ ಆಗುತ್ತೆ, ಲೈನಲ್ಲಿ ಕೆಲಸ ಮಾಡ್ತಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ, ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಮಾಡೋ ಇನ್ವರ್ಟರ್ ತಾನೇ ನಿಲ್ಲುತ್ತೆ, ಮಳೆಗಾಲದಲ್ಲಿ ಲೈಟ್ ಬೇಕಂದ್ರೆ ಲೈನಿಗೂ ಬ್ಯಾಟರಿಗೂ ಹೊಂದೋ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು, ಅದಕ್ಕೆ ಬೇರೆ ದುಡ್ಡು. ಅಂಕಲ್ ಎದ್ದು ಅಂಗಳಕ್ಕೆ ಬಂದು, ಸಿಲ್ವರ್ ಓಕ್ ನೆರಳು ಬೆಳಿಗ್ಗೆ ಒಂಬತ್ತೂವರೆ ತನಕ ಹೆಂಚಿನ ಮೇಲೆ ಎಲ್ಲೀವರೆಗೆ ಇರುತ್ತೆ ಅಂತ ಅವರೇ ಕೈ ಮಾಡಿ ತೋರಿಸಿದ್ರು. ಬ್ಯಾಟರಿ ಸಮೇತ ಹಾಕ್ಸಿದ್ರು.

ಈ ಜುಲೈ ಸರ್ವೀಸಿಗೆ ಹೋದಾಗ ಪ್ಯಾನೆಲ್ ಕೆಳಗಿನ ಅಂಚಲ್ಲಿ ಬೆರಳಗಲ ಪಾಚಿ ಕೂತಿತ್ತು, ಉಜ್ಜಿ ತೆಗೆದೆ. ಅವತ್ತು ಬಂದಿದ್ದು ಎರಡೂವರೆ ಯೂನಿಟ್, ಫೆಬ್ರವರೀಲಿ ದಿನಕ್ಕೆ 13 ಬರ್ತಿತ್ತು. ಈಗ ಹೊಸ ಮನೆಗೆ ಕೊಟೇಶನ್ ಬರೆಯೋವಾಗ ಜುಲೈ ಯೂನಿಟ್ಟೇ ಮೊದಲು ಬರೀತೀನಿ.